ಅಜ್ಜಂಪುರಕ್ಕೆ ಹೊತ್ತೊಯ್ದ ಪರದೆ

ನನ್ನ ಅಪ್ಪ ಕಡೂರು ರೈಲ್ವೆ ಸ್ಟೇಷನ್ನಿನಲ್ಲಿ ತಾರು ಗುಮಾಸ್ತರು. ಮೇಜಿನ ಮೇಲಿನ ಹಿತ್ತಾಳೆ ಯಂತ್ರ ಕಟಕಟ ಎನ್ನುತ್ತಿದ್ದರೆ ಅದರಿಂದ ಅಕ್ಷರಗಳನ್ನು ಆರಿಸಿ ಬರೆದುಕೊಳ್ಳುವುದು ಅವರ ಕೆಲಸ. ಮನೆಗೆ ಬಂದ ಮೇಲೂ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತು, ತಟ್ಟೆಯ ಅಂಚಿಗೆ ಬಡಿದು, ಸಾರಿಗೆ ಉಪ್ಪು ಕಮ್ಮಿ ಎಂದು ನನಗೆ ಹೇಳುತ್ತಿದ್ದರು. ನಾನು ಎದ್ದು ಉಪ್ಪು ತಂದಿಟ್ಟರೆ ಅಮ್ಮ ಇಬ್ಬರನ್ನೂ ಅನುಮಾನದಿಂದ ನೋಡುತ್ತಿದ್ದಳು. ಮೋರ್ಸ್ ಕೋಡನ್ನು ನಾನು ಕೂತು ಕಲಿತದ್ದೇ ಇಲ್ಲ. ಮನೆಮಾತಿನ ಹಾಗೆ ಬಂತು.

ಎಪ್ಪತ್ತರ ದಶಕದ ನಡುವಿನಲ್ಲಿ ತರೀಕೆರೆಯ ಹೆಣ್ಣುಮಕ್ಕಳ ಹೈಸ್ಕೂಲೊಂದಕ್ಕೆ ವಿಜ್ಞಾನದ ಟೀಚರಾಗಿ ಬಂದೆ. ಅಲ್ಲಿದ್ದಾಗಲೇ ಬೆಂಗಳೂರಿಗೆ ಹೋಗಿ ಹವ್ಯಾಸಿ ರೇಡಿಯೋದ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡೆ. ಮನೆಯಲ್ಲೇ ಕೂತು ರೇಡಿಯೋ ಮೂಲಕ ದೂರದವರೊಂದಿಗೆ ಮಾತಾಡಲು ಸರ್ಕಾರ ಕೊಡುವ ಅನುಮತಿ ಅದು. ಬಾಡಿಗೆ ಮನೆಯ ಮಾಡಿನಿಂದ ಹಿತ್ತಿಲ ತೆಂಗಿನ ಮರಕ್ಕೆ ತಂತಿ ಕಟ್ಟಿಸಿದೆ. ಮನೆಯ ಮಾಲೀಕರು ಬಂದು ನೋಡಿ, "ಬಟ್ಟೆ ಒಣಗಾಕಕ್ಕೆ ಅಷ್ಟೆತ್ತರಕ್ಕೆ ಯಾಕಮ್ಮ ಕಟ್ಟಿಸಿದ್ರಿ? ಕೈ ಎಟುಕಲ್ವಲ್ಲ" ಎಂದರು.

ಆ ದಿನಗಳಲ್ಲಿ ನಮ್ಮ ಸುತ್ತಮುತ್ತ ಈ ಹುಚ್ಚು ಇದ್ದವರು ಇಬ್ಬರೇ. ಇನ್ನೊಬ್ಬರು ಅಜ್ಜಂಪುರದಲ್ಲಿದ್ದರು. ಸೈನ್ಯದ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದ ಹವಾಲ್ದಾರರು. ನನ್ನ ಅಪ್ಪನಿಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು. ಪ್ರತಿ ಭಾನುವಾರ ಬೆಳಗ್ಗೆ ಕಾಫಿಯಾದ ಮೇಲೆ ನಾವಿಬ್ಬರೂ ರೇಡಿಯೋದಲ್ಲಿ ಭೇಟಿಯಾಗುತ್ತಿದ್ದೆವು, ಭೇಟಿಯಾದಾಗಲೆಲ್ಲ ಜಗಳವಾಡುತ್ತಿದ್ದೆವು.

ಜಗಳ ಒಂದೇ ವಿಷಯಕ್ಕೆ. ರಿಸೀವರ್ ಎನ್ನುವುದು ಒಂದು ಹೊತ್ತಿಗೆ ರೇಡಿಯೋ ಅಲೆಯ ಒಂದೇ ಜಾಗದ ಮಾತನ್ನು ಕೇಳಿಸುತ್ತದೆ. ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಬೇರೆ ಮಾತು. ಪಕ್ಕದಲ್ಲಿ ಯಾರು ಬಂದರು, ಯಾರು ಹೋದರು ಎಂಬುದು ಗೊತ್ತಾಗುವುದಿಲ್ಲ. ಇದಕ್ಕೆ ಹವಾಲ್ದಾರರು ಕಂಡುಕೊಂಡಿದ್ದ ದಾರಿ ಎರಡನೆಯ ರಿಸೀವರ್. ಸೈನ್ಯ ಗುಜರಿಗೆ ಹಾಕಿದ ಎರಡು ಹಳೆಯ ರಿಸೀವರುಗಳನ್ನು ಅಕ್ಕಪಕ್ಕ ಇಟ್ಟು, ಹೆಡ್‌ಫೋನಿನ ತಂತಿಯನ್ನು ಸೀಳಿ, ಎಡಗಿವಿಗೆ ಒಂದು, ಬಲಗಿವಿಗೆ ಇನ್ನೊಂದು ಹಾಕಿಕೊಂಡಿದ್ದರು. ನಾನು ಕಂಡುಕೊಂಡ ದಾರಿ ಪರದೆ. ಬೆಂಗಳೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಅಂಗೈ ಅಗಲದ ಗಾಜಿನ ಕೊಳವೆಯೊಂದಕ್ಕೆ ಆರು ತಿಂಗಳು ಕೂತು ಸರ್ಕೀಟು ಕಟ್ಟಿ, ರಿಸೀವರಿಗೆ ಜೋಡಿಸಿದ್ದೆ. ಪರದೆಯ ಮೇಲೆ ಅಡ್ಡಲಾಗಿ ಒಂದು ಹಸಿರು ಗೆರೆ ಓಡುತ್ತಿತ್ತು. ಆಸುಪಾಸಿನಲ್ಲಿ ಯಾರು ಮಾತಾಡಿದರೂ ಆ ಜಾಗದಲ್ಲಿ ಗೆರೆ ಮುಳ್ಳಿನಂತೆ ಮೇಲೇಳುತ್ತಿತ್ತು. ಇಡೀ ಓಣಿಯ ಮೇಲೆ ಕಿಟಕಿ ತೆರೆದಂತಾಗಿತ್ತು ನನಗೆ.

"ಯಾರೋ ಮಾತಾಡ್ತಾವ್ರೆ ಅಂತ ತೋರಿಸ್ತದೆ ಸರಿ. ಏನು ಮಾತಾಡ್ತಾವ್ರೆ ಅಂತ ತೋರಿಸ್ತದಾ?" ಎಂದು ಹವಾಲ್ದಾರರು ಕೆಣಕುತ್ತಿದ್ದರು.

"ಎರಡು ಕಿವಿಗೆ ಎರಡು ಮಾತು ಹಾಕ್ಕೊಂಡ್ರೆ ಒಂದಾದ್ರೂ ತಲೆಗೆ ಹೋಗುತ್ತಾ?" ಎಂದು ನಾನು ಕೇಳುತ್ತಿದ್ದೆ.

ಒಮ್ಮೆ ಅವರ ಮನೆಗೆ ಹೋದಾಗ ಅವರ ಹೆಂಡತಿ ನನ್ನ ಪರವಾಗಿ ಸಾಕ್ಷಿ ಹೇಳಿದರು: "ಆ ಕಿವಿಗೊಂದು ಈ ಕಿವಿಗೊಂದು ಸಿಗಿಸ್ಕಂಡು ಕುಂತ್ರೆ, ನಾನು ಊಟಕ್ಕೆ ಏಳ್ರೀ ಅಂತ ಕೂಗಿದ್ದು ಯಾವ್ದಕ್ಕೂ ಕೇಳಂಗಿಲ್ಲ ಕಣವ್ವ."

ಹೀಗೆ ನಗುನಗುತ್ತಲೇ ಮೂರ್ನಾಲ್ಕು ವರ್ಷ ಕಳೆದವು. ನನ್ನ ಪರದೆಗೆ ಒಂದು ಊನವಿತ್ತು, ಅದನ್ನು ನಾನು ಅವರ ಹತ್ತಿರ ಒಪ್ಪಿಕೊಂಡಿರಲಿಲ್ಲ. ನಮ್ಮ ಮನೆಯಿಂದ ಎರಡು ಮನೆ ಆಚೆ ಹಿಟ್ಟಿನ ಗಿರಣಿ. ಅದರ ಮೋಟಾರು ಶುರುವಾದರೆ ಸಾಕು, ಕಿವಿಯಲ್ಲಿ ಗೊರಗೊರ ಸದ್ದು ತುಂಬಿ, ಪರದೆಯ ಮೇಲೆ ಪೂರ್ತಿ ಸಣ್ಣ ಮುಳ್ಳುಗಳ ಹುಲ್ಲು ಬೆಳೆದುಬಿಡುತ್ತಿತ್ತು. ದೊಡ್ಡ ಮುಳ್ಳುಗಳು ಹುಲ್ಲಿನ ಮೇಲೆ ಕಾಣುತ್ತಿದ್ದವು. ಸಣ್ಣವು ಅದರೊಳಗೆ ಮುಚ್ಚಿಹೋಗುತ್ತಿದ್ದವು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಸಲ ಆಂಧ್ರದ ಕರಾವಳಿಗೆ ದೊಡ್ಡ ಚಂಡಮಾರುತ ಅಪ್ಪಳಿಸಿತು. ತಂತಿ ಕಂಬಗಳು ಉರುಳಿದ್ದವು, ಟ್ರಂಕ್ ಕಾಲ್ ಬುಕ್ ಮಾಡಿದರೆ ಲೈನ್ ಇಲ್ಲ ಎನ್ನುತ್ತಿದ್ದರು. ನಮ್ಮ ಪಾಲಿಗೆ ಅದು ಪೇಪರಿನ ಸುದ್ದಿ ಅಷ್ಟೇ, ಆ ಶನಿವಾರದವರೆಗೆ.

ಅಂದು ಅರ್ಧ ದಿನದ ಶಾಲೆ. ಗಂಟೆ ಹೊಡೆದು, ಬಾಗಿಲುಗಳಿಗೆ ಬೀಗ ಹಾಕಬೇಕಿದ್ದ ನಮ್ಮ ಆಯಾ ಬೀಗದ ಗೊಂಚಲು ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಿದ್ದಳು. ಮೂವತ್ತು ದಾಟದ ಹೆಂಗಸು, ಮಾತು ಕಮ್ಮಿ, ಕೆಲಸ ಚುರುಕು. ಅವಳ ಗಂಡ ಲಾರಿ ಡ್ರೈವರ್ ಎಂದು ಗೊತ್ತಿತ್ತು. ಅಜ್ಜಂಪುರ ಸೀಮೆಯ ಈರುಳ್ಳಿ ತುಂಬಿಕೊಂಡು ಆಂಧ್ರಕ್ಕೆ ಹೋಗಿ, ಬರುವಾಗ ಒಣಮೆಣಸಿನಕಾಯಿ ತುಂಬಿಕೊಂಡು ಬರುತ್ತಿದ್ದ.

"ಮೇಡಮ್ಮೋರೆ, ಅವ್ರು ಹೋಗಿ ಎಂಟು ದಿನ ಆಯ್ತು. ನಾಕು ದಿನಕ್ಕೆ ಬತ್ತೀನಿ ಅಂದಿದ್ರು. ಲಾರಿ ಸಾವ್ಕಾರ್ರು ಫೋನೇ ಹೋಗ್ತಿಲ್ಲ ಅಂತಾರೆ. ನಿಮ್ ಪೆಟ್ಟಿಗೇಲಿ ಕೇಳಕಾಯ್ತದಾ?"

ನನಗೆ ತಕ್ಷಣ ಹೂಂ ಎನ್ನಲಾಗಲಿಲ್ಲ. ಬೇರೆಯವರ ಸುದ್ದಿ ಸಾಗಿಸಲು ನಮಗೆ ಸಾಮಾನ್ಯ ದಿನಗಳಲ್ಲಿ ಅನುಮತಿ ಇಲ್ಲ, ಇಂಥ ವಿಪತ್ತಿನಲ್ಲಿ ಮಾತ್ರ ಉಂಟು. ಆದರೆ ನನ್ನನ್ನು ತಡೆದದ್ದು ಕಾಯಿದೆಯಲ್ಲ. ಕೇಳಿ, ಕೆಟ್ಟ ಉತ್ತರ ಬಂದರೆ? ಅದನ್ನು ಹೆಡ್‌ಫೋನಿನಲ್ಲಿ ಮೊದಲು ಕೇಳಿಸಿಕೊಳ್ಳುವವಳು ನಾನು, ತಿರುಗಿ ಅವಳ ಮುಖ ನೋಡಿ ಹೇಳಬೇಕಾದವಳೂ ನಾನು. ಆದರೂ, "ಬಾ, ನೋಡೋಣ" ಎಂದೆ.

ಮನೆಗೆ ಬಂದು ರೇಡಿಯೋ ಹಚ್ಚಿದರೆ ಆಕಾಶದ ತುಂಬ ಅದೇ ಗಲಾಟೆ. ಒಳನಾಡಿನ ಊರೊಂದರಿಂದ ಹಿರಿಯ ಹವ್ಯಾಸಿಯೊಬ್ಬರು ಸಂಚಾಲಕರಾಗಿ ಎಲ್ಲರನ್ನೂ ಸರದಿಯಲ್ಲಿ ನಿಲ್ಲಿಸಿ ನಡೆಸುತ್ತಿದ್ದರು. ಅವರು ಮಾತಾಡುವುದು ಒಂದು ಜಾಗದಲ್ಲಿ, ಉಳಿದವರು ಅವರನ್ನು ಕರೆಯಬೇಕಾದದ್ದು ಅದಕ್ಕಿಂತ ಸ್ವಲ್ಪ ಕೆಳಗೆ, ಇನ್ನೊಂದು ಜಾಗದಲ್ಲಿ. ಇಲ್ಲದಿದ್ದರೆ ಅವರ ಮಾತೇ ಯಾರಿಗೂ ಕೇಳುತ್ತಿರಲಿಲ್ಲ. ಬಿರುಗಾಳಿ ಹೊಡೆದ ಊರುಗಳ ಶಿಬಿರಗಳಿಂದ ಬ್ಯಾಟರಿ ಕಟ್ಟಿಕೊಂಡು ಕೂತವರಿಗೆ ಮೊದಲ ಅವಕಾಶ. ನಮ್ಮಂಥವರು ಅವರ ನಡುವೆ ಸಂದು ನೋಡಿ ನುಗ್ಗಬೇಕು.

ಪರದೆಯಲ್ಲಿ ಆ ಜಾಗವೆಲ್ಲ ಮುಳ್ಳುಗಳ ಬೇಲಿಯಾಗಿತ್ತು. ನಡುವೆ ಒಂದು ಕಡೆ ಖಾಲಿ ಕಂಡಿತು. ಗಿರಣಿ ಓಡುತ್ತಿತ್ತು, ಹುಲ್ಲು ಎದ್ದಿತ್ತು. ಆದರೂ ಖಾಲಿ ಎಂದೇ ನನಗೆ ಅನಿಸಿತು. ಮೈಕಿನ ಗುಂಡಿ ಒತ್ತಿ, ನನ್ನ ಗುರುತು ಹೇಳಿ ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಮೂರನೆಯ ಸಲ ಕರೆದು, ರಿಸೀವರನ್ನು ಸಂಚಾಲಕರ ಜಾಗಕ್ಕೆ ತಿರುಗಿಸುವ ಹೊತ್ತಿಗೆ ಅವರ ದನಿ ಸಿಟ್ಟಿನಿಂದ ನಡುಗುತ್ತಿತ್ತು. ಶಿಬಿರವೊಂದು ಹೆಸರುಗಳ ಪಟ್ಟಿ ಕಳಿಸುತ್ತಿದೆ, ಅದರ ಮೇಲೆ ಯಾರೋ ಒಂದೇ ಸಮ ಕೂಗುತ್ತಿದ್ದಾರೆ, ದಯವಿಟ್ಟು ಬಾಯಿ ಮುಚ್ಚಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಯಾರೋ ನಾನೇ. ನನಗೆ ಖಾಲಿ ಎಂದು ಕಂಡ ಜಾಗದಲ್ಲಿ, ಹುಲ್ಲಿನ ಅಡಿಯಲ್ಲಿ, ಒಂದು ಕ್ಷೀಣ ದನಿ ಇತ್ತು. ಸಂಚಾಲಕರು ಮೊದಲ ಸಲವೇ ತಡೆದಿದ್ದರಂತೆ. ನನಗೆ ಇದ್ದ ಒಂದೇ ರಿಸೀವರ್ ಆಗ ಕರೆಯುವ ಜಾಗದಲ್ಲಿತ್ತು, ಅವರ ಮಾತು ಕೇಳಲಿಲ್ಲ.

ಆಯಾ ಹೊಸ್ತಿಲ ಮೇಲೆ ಕೂತಿದ್ದಳು.

"ಏನಂದ್ರು ಮೇಡಮ್ಮೋರೆ?"

"ಬೈದ್ರು ಕಣೇ. ತಪ್ಪು ನಂದೇ."

ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ನಾನು ಯಾರದೋ ಮನೆಯ ಹೆಸರನ್ನು ಮಾತಿನಲ್ಲಿ ಮುಚ್ಚಿಹಾಕಿದೆನಲ್ಲ, ಅದು ಇವಳದೇ ಗಂಡನ ಹೆಸರಾಗಿದ್ದರೆ ಎಂಬ ಯೋಚನೆ ಬಂದು ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ.

ಹವಾಲ್ದಾರರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ನಮ್ಮ ಭಾನುವಾರದ ಜಾಗದಲ್ಲಿ ನನ್ನನ್ನು ಕರೆದರು. ಆಯಾಳ ಗಂಡ ಮತ್ತು ಅವನ ಲಾರಿಯ ವಿಷಯ ಹೇಳಿ, ಕೆಣಕುತ್ತಾರೆ ಎಂದು ಕಾದೆ. ಅವರ ದನಿಯಲ್ಲಿ ಅದಿರಲಿಲ್ಲ.

"ಅಳ್ಬೇಡ ಕಣಮ್ಮ. ಆ ಪಟ್ಟಿ ಅವ್ರು ಮತ್ತೆ ಕಳ್ಸಿದ್ರು, ಎಲ್ಲಾ ಹೆಸ್ರೂ ಮುಟ್ಟಿದಾವೆ. ನಾನೇ ಕೇಳ್ದೆ. ನೀನ್ ಹುಡುಕೋ ಡ್ರೈವರ್ ಅದ್ರಲ್ಲಿಲ್ಲ." ಆಮೇಲೆ, "ನಾಳೆ ಬೆಳಗ್ಗಿನ ಗಾಡಿಗೆ ನಿನ್ ಪರದೆ ತಗಂಡು ಇಲ್ಲಿಗೆ ಬಂದ್ಬಿಡು. ನಮ್ಮನೆ ಹತ್ರ ಗಿರಣಿ ಇಲ್ಲ. ನನಗೆ ಎರಡು ಕಿವಿ ಅವೆ, ಸಾಲ್ತಾ ಇಲ್ಲ" ಎಂದರು.

ಪಟ್ಟಿ ಮುಟ್ಟಿದೆ ಎಂದು ಕೇಳಿದಾಗ ಎದೆಯ ಮೇಲಿನ ಕಲ್ಲು ಇಳಿಯಿತು. ಕುರ್ಚಿಗೆ ಒರಗಿ ಕೂತು, ಲೋಟದಲ್ಲಿ ಉಳಿದಿದ್ದ ನೀರು ಕುಡಿದೆ.

ಮರುದಿನ ಬೆಳಗ್ಗೆ ಆಯಾ ನನಗಿಂತ ಮೊದಲೇ ಸ್ಟೇಷನ್ನಿನಲ್ಲಿದ್ದಳು. ಬರಬೇಕೆಂದು ನಾನು ಹೇಳಿರಲಿಲ್ಲ, ಬೇಡ ಎನ್ನುವ ಧೈರ್ಯವೂ ಆಗಲಿಲ್ಲ. ಗಾಜಿನ ಕೊಳವೆಯನ್ನು ಪೆಟ್ಟಿಗೆಯಿಂದ ಬಿಚ್ಚಿ ಕಂಬಳಿಯಲ್ಲಿ ಸುತ್ತಿದ್ದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟು ಕೂತವಳು ಬೀರೂರಿನವರೆಗೂ ಅಲುಗಲಿಲ್ಲ. ಬೀರೂರಿನಲ್ಲಿ ಇಳಿದು ಅಜ್ಜಂಪುರದ ಕಡೆ ಹೋಗುವ ಗಾಡಿಗೆ ಹತ್ತಿದೆವು. ಎದುರಿಗೆ ಕೂತಿದ್ದ ಮುದುಕರೊಬ್ಬರು ನನ್ನ ಕಾಲ ಬಳಿಯ ತಂತಿಗಳ ಪೆಟ್ಟಿಗೆಯನ್ನೂ ಅವಳ ಮಡಿಲಿನ ಗಂಟನ್ನೂ ನೋಡಿ ನೋಡಿ ಕೊನೆಗೆ ತಡೆಯಲಾರದೆ ಕೇಳಿದರು:

"ಟೀವೀನಾ ತಾಯಿ ಅದು?"

ನಮ್ಮ ಕಡೆ ಟೀವಿ ಇನ್ನೂ ಬಂದಿರಲಿಲ್ಲ, ಹೆಸರು ಮಾತ್ರ ಬಂದಿತ್ತು.

"ಹೂಂ ಕಣಜ್ಜ. ನಮ್ಮನೆಯೋರ್ನ ಹುಡ್ಕೋ ಟೀವಿ" ಎಂದಳು ಅವಳು. ನಗಲಿಲ್ಲ. ಮುದುಕರೂ ನಗಲಿಲ್ಲ. ಕಿಟಕಿಯಿಂದ ಬಿಸಿಲು ಬೀಳುತ್ತಿದೆಯೆಂದು ತಮ್ಮ ಟವೆಲನ್ನು ತೆಗೆದು ಗಂಟಿನ ಮೇಲೆ ಹೊದಿಸಿದರು.

ಹವಾಲ್ದಾರರ ಮನೆಯಲ್ಲಿ ಕೊಳವೆಯನ್ನು ಮತ್ತೆ ಕೂರಿಸಿ, ಅವರ ಎರಡನೆಯ ರಿಸೀವರಿನ ಹೊಟ್ಟೆಯಿಂದ ಒಂದು ತಂತಿ ಎಳೆದು ಜೋಡಿಸುವ ಹೊತ್ತಿಗೆ ಹನ್ನೊಂದು ದಾಟಿತ್ತು. ಹಸಿರು ಗೆರೆ ಮೂಡಿತು. ಹುಲ್ಲಿಲ್ಲ, ನೆರಳಿಲ್ಲ, ಹೊಲದ ಬದುವಿನ ಹಾಗೆ ಸಪಾಟಾದ ಗೆರೆ. ಆರು ತಿಂಗಳು ಕೂತು ಕಟ್ಟಿದ ನನ್ನದೇ ಸಾಮಾನು ಇಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಹವಾಲ್ದಾರರು ಮೊದಲ ರಿಸೀವರಿಗೆ ಕಿವಿ ಕೊಟ್ಟು ಸಂಚಾಲಕರನ್ನು ಕೇಳುತ್ತಾ ಕೂತರು. ಎರಡನೆಯದು ನನಗೆ. ಆಯಾ ನೆಲದ ಮೇಲೆ, ನಮ್ಮಿಬ್ಬರ ನಡುವೆ, ಪರದೆ ಕಾಣುವ ಹಾಗೆ ಕೂತಳು. ಹವಾಲ್ದಾರರ ಹೆಂಡತಿ ಎಲ್ಲರಿಗೂ ರೊಟ್ಟಿ ಕೊಟ್ಟರು, ಯಾರೂ ಮುಟ್ಟಲಿಲ್ಲ.

ಗಂಟೆ ಕಳೆಯಿತು. ಶಿಬಿರಗಳು ಒಂದೊಂದಾಗಿ ಬಂದು ಪಟ್ಟಿ ಓದಿ ಹೋದವು. ನಮಗೆ ಬೇಕಾದದ್ದು ಯಾವುದರಲ್ಲೂ ಇಲ್ಲ.

ಮೊದಲು ಕಂಡದ್ದು ಅವಳಿಗೇ. "ಮೇಡಮ್ಮೋರೆ, ಅದೇನದು, ಆ ತುದೀಲಿ? ಎದ್ದು ಎದ್ದು ಬೀಳ್ತೈತಲ್ಲ?"

ಪರದೆಯ ಎಡ ಅಂಚಿನಲ್ಲಿ, ಎಲ್ಲ ಮುಳ್ಳುಗಳಿಂದ ದೂರ, ಒಂದು ಎಳ್ಳುಕಾಳಿನ ಗಾತ್ರದ ಮೊಳಕೆ. ಏಳುತ್ತಿತ್ತು, ಅಡಗುತ್ತಿತ್ತು. ಯಾರೂ ಇರಬೇಕಾದ ಜಾಗವಲ್ಲ ಅದು. ಏಳುವ ಬೀಳುವ ಲಯ ನೋಡುತ್ತಿದ್ದಂತೆ ನನ್ನ ಬೆರಳು ತಾನಾಗಿ ಮೇಜನ್ನು ಕುಟ್ಟತೊಡಗಿತು. ಮೋರ್ಸ್!

"ಹವಾಲ್ದಾರ್ರೇ, ನೀವು ಸಂಚಾಲಕರನ್ನ ಬಿಡ್ಬೇಡಿ. ನಾನು ಕೆಳಗಿಳೀತೀನಿ" ಎಂದು ಎರಡನೆಯ ರಿಸೀವರಿನ ತಿರುಗಣೆ ತಿರುಗಿಸಿದೆ. ಮೊಳಕೆ ಪರದೆಯ ನಡುವಿಗೆ ಬಂದು ನಿಂತಿತು. ಕಿವಿಯಲ್ಲಿ ಸೊಳ್ಳೆಯ ದನಿಯಷ್ಟು ಸಣ್ಣಗೆ, ನಿಧಾನವಾಗಿ, ಅದೇ ಮಾತು ಮತ್ತೆ ಮತ್ತೆ: ಯಾರಿಗಾದರೂ ಕೇಳುತ್ತಿದೆಯೇ, ಇದು ಪರಿಹಾರ ಶಿಬಿರ, ಯಾರಿಗಾದರೂ ಕೇಳುತ್ತಿದೆಯೇ.

ಹವಾಲ್ದಾರರು ತಮ್ಮ ಟ್ರಾನ್ಸ್‌ಮಿಟರನ್ನು ಆ ಜಾಗಕ್ಕೆ ತಿರುಗಿಸಿಕೊಟ್ಟರು. ನಾನು ಮೋರ್ಸ್ ಬಡಿಯುವ ಕೀ ಹಿಡಿದು ಉತ್ತರಿಸಿದೆ. ಆ ಕಡೆಯಿಂದ ಅಕ್ಷರಗಳು ಒಂದರ ಮೇಲೊಂದು ಬಿದ್ದು ಬಂದವು. ಎರಡು ದಿನದಿಂದ ಕರೆಯುತ್ತಿದ್ದೇನೆ, ನನಗೆ ಎಲ್ಲರೂ ಕೇಳುತ್ತಾರೆ, ನಾನು ಯಾರಿಗೂ ಕೇಳುತ್ತಿಲ್ಲ ಎಂದು ಅವರು ತಿಳಿಸಿದರು. ಕಾರಣ ನಮಗೆ ಗೊತ್ತಾಯಿತು. ಅವರು ಮನೆಯಲ್ಲೇ ಕಟ್ಟಿಕೊಂಡ ಟ್ರಾನ್ಸ್‌ಮಿಟರ್, ಬ್ಯಾಟರಿ ಇಳಿದಂತೆ ತನ್ನ ಜಾಗ ಬಿಟ್ಟು ಕೆಳಗೆ ಜಾರಿತ್ತು. ಸರಿಯಾದ ಜಾಗದಲ್ಲೇ ಕರೆಯುತ್ತಿದ್ದೇನೆ ಎಂದು ಅವರು ನಂಬಿದ್ದರು, ಅಲ್ಲಿ ಕಾದವರಿಗೆ ಏನೂ ಕೇಳುತ್ತಿರಲಿಲ್ಲ.

ಪಟ್ಟಿ ಕಳಿಸುತ್ತೇನೆ ಎಂದರು. ನಾನು ಬರೆದುಕೊಂಡೆ, ಒಂದು ಹಾಳೆ ತುಂಬಿದಂತೆ ಹವಾಲ್ದಾರರು ಅದನ್ನು ಸಂಚಾಲಕರಿಗೆ ಓದಿ ಹೇಳುತ್ತಿದ್ದರು. ಕಳಿಸುತ್ತಿದ್ದ ಹಾಗೇ ಆ ದನಿ ಇನ್ನೂ ಜಾರುತ್ತಿತ್ತು. ಪರದೆಯಲ್ಲಿ ಮೊಳಕೆ ನಡುಗೆರೆಯಿಂದ ಸರಿಯುತ್ತಿದ್ದರೆ ಹವಾಲ್ದಾರರ ಹೆಂಡತಿ, "ಹೋಗ್ತೈತೆ, ಹೋಗ್ತೈತೆ!" ಎಂದು ಕೂಗುತ್ತಿದ್ದರು, ನಾನು ತಿರುಗಣೆ ತಿರುಗಿಸಿ ಹಿಂಬಾಲಿಸುತ್ತಿದ್ದೆ. ಕಿವಿಯೊಂದನ್ನೇ ನಂಬಿದ್ದರೆ ಎರಡನೆಯ ಹಾಳೆಗೇ ಅದು ಕೈತಪ್ಪುತ್ತಿತ್ತು.

ಮೂರನೆಯ ಹಾಳೆಯಲ್ಲಿ ಲಾರಿಗಳು. ನಾನು ತಲೆ ಎತ್ತದೆ ಅಕ್ಷರ, ಅಂಕಿ ಬರೆಯುತ್ತಿದ್ದೆ. ನನ್ನ ಭುಜದ ಹಿಂದಿನಿಂದ ಒಂದು ಬೆರಳು ಬಂದು ಹಾಳೆಯ ಮೇಲೆ ಕೂತಿತು. ಆಯಾಗೆ ಓದು ಅಷ್ಟಾಗಿ ಬಾರದು. ಆದರೆ ಆ ನಂಬರು ಅವಳಿಗೆ ಗೊತ್ತಿತ್ತು. ವರ್ಷಗಟ್ಟಲೆ ಪ್ರತಿ ಪೂಜೆಗೆ ಅರಿಶಿನ ಕುಂಕುಮ ಹಚ್ಚಿದ್ದ ಹಲಗೆಯ ನಂಬರು.

ಅವಳು ಬೆರಳು ತೆಗೆಯಲಿಲ್ಲ. ಆ ನಂಬರಿನ ಮುಂದೆ ಏನು ಬರುತ್ತದೆಂದು ನನಗೂ ಗೊತ್ತಿರಲಿಲ್ಲ. ಡ್ರೈವರ್, ಕ್ಲೀನರ್ ಎಂದು ಬಂತು. ಅಷ್ಟರಲ್ಲಿ ದನಿ ಮಸುಕಾಯಿತು. ಪರದೆಯಲ್ಲಿ ಮೊಳಕೆ ಕುಗ್ಗಿ ಗೆರೆಯಾಯಿತು. ಬ್ಯಾಟರಿ ಮುಗಿಯಿತೆಂದುಕೊಂಡೆ. ಅಂದು ಆ ಕೋಣೆಯಲ್ಲಿ ನಾವು ನಾಲ್ವರೂ ಒಂದು ಅಂಗೈ ಅಗಲದ ಗಾಜನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆವೋ, ಒಂದು ನಿಮಿಷವೂ ಇರಲಾರದು.

ಅದು ಮತ್ತೆ ಎದ್ದಿತು, ಸ್ವಲ್ಪ ಪಕ್ಕದಲ್ಲಿ. ತಿರುಗಿಸಿದೆ. ಹಿಂದಿನ ಸಾಲು ಮತ್ತೆ ಹೇಳಿ ಎಂದು ಕೇಳಿದೆ. ನಂಬರು, ಡ್ರೈವರ್, ಕ್ಲೀನರ್, ಇಬ್ಬರೂ ಕ್ಷೇಮ. ಲಾರಿ ನೀರಿನಲ್ಲಿ.

"ಇಬ್ರೂ ಚೆನ್ನಾಗಿದಾರೆ ಕಣೇ. ಶಿಬಿರದಲ್ಲಿದಾರೆ. ಲಾರಿ ಮಾತ್ರ ನೀರಲ್ಲಿದೆ."

"ಲಾರಿ ಮನೆ ಹಾಳಾಗ್ಲಿ" ಎಂದು ಅವಳು ಬೆರಳು ತೆಗೆದು ಮುಖ ಮುಚ್ಚಿಕೊಂಡಳು. ಹವಾಲ್ದಾರರ ಹೆಂಡತಿ ಅವಳನ್ನು ತಬ್ಬಿಕೊಂಡರು. ನಾನು ಅಳುವ ಹಾಗಿರಲಿಲ್ಲ. ಪಟ್ಟಿ ಇನ್ನೂ ಮುಗಿದಿರಲಿಲ್ಲ, ಅದರಲ್ಲಿ ಬೇರೆ ಮನೆಗಳ ಹೆಸರುಗಳಿದ್ದವು. ಐದು ಹಾಳೆ ಮುಗಿಸಿ ಹೆಡ್‌ಫೋನ್ ತೆಗೆದಾಗ ಮೂರು ಗಂಟೆ. ಸಂಚಾಲಕರು ಹವಾಲ್ದಾರರ ಮೂಲಕ ನನಗೆ ಧನ್ಯವಾದ ಹೇಳಿಸಿದರು, ಹಿಂದಿನ ದಿನ ಬೈಸಿಕೊಂಡವಳು ನಾನೇ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ತಣ್ಣಗಾದ ರೊಟ್ಟಿಯನ್ನು ನಾಲ್ವರೂ ಕೂತು ತಿಂದೆವು. ಅಷ್ಟು ರುಚಿಯಾದ ರೊಟ್ಟಿ ನಾನು ತಿಂದಿಲ್ಲ.

ಪರದೆಯನ್ನು ಅಲ್ಲಿಯೇ ಬಿಟ್ಟು ಬಂದೆ. ಮುಂದಿನ ತಿಂಗಳು ಹವಾಲ್ದಾರರು ಎಲ್ಲಿಂದಲೋ ಇನ್ನೊಂದು ಹಳೆಯ ರಿಸೀವರ್ ಹುಡುಕಿ, ಬಸ್ಸಿನ ಮೇಲೆ ಹಾಕಿಸಿ ತರೀಕೆರೆಗೆ ಕಳಿಸಿದರು. ಜಗಳವೇನೂ ನಿಲ್ಲಲಿಲ್ಲ, ಹೊಸ ವಿಷಯಗಳು ಸಿಕ್ಕವು.

ಡ್ರೈವರ್ ಬಂದದ್ದು ಹತ್ತು ದಿನದ ಮೇಲೆ, ಒಂದು ಬುಧವಾರ, ಎರಡನೆಯ ಪಿರಿಯಡ್ಡಿನಲ್ಲಿ. ಪಾಠ ಮಾಡುತ್ತಿದ್ದವಳು ಕಿಟಕಿಯಿಂದ ನೋಡಿದೆ. ಗೇಟಿನ ಬಳಿ ಗಡ್ಡ ಬಿಟ್ಟ ತೆಳ್ಳನೆಯ ಮನುಷ್ಯ, ಯಾರದೋ ದೊಡ್ಡ ಅಂಗಿ ತೊಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ. ಹೆಣ್ಣುಮಕ್ಕಳ ಶಾಲೆ ಎಂಬ ಸಂಕೋಚ. ಆಯಾ ಅವನನ್ನು ನೋಡಿದ್ದು ಕೊಡ ಹಿಡಿದು ಬಾವಿಯ ಕಡೆ ಹೊರಟಿದ್ದಾಗ. ಅವಳು ಓಡಲಿಲ್ಲ. ಕೊಡವನ್ನು ಮೆಲ್ಲಗೆ ನೆಲಕ್ಕಿಟ್ಟು, ಸೆರಗು ಸರಿ ಮಾಡಿಕೊಂಡು, ನಡೆದು ಹೋದಳು.

ಪಿರಿಯಡ್ ಮುಗಿದ ಮೇಲೆ ನಾನು ಹೋದೆ. ಅವನು ಕೈ ಮುಗಿದು, "ಮೆಣಸಿನಕಾಯಿ ಗೋಡೌನಿನ ಅಟ್ಟದ ಮೇಲೆ ಎರಡು ರಾತ್ರಿ ಇದ್ವಿ ಮೇಡಮ್ಮೋರೆ. ಘಾಟಿಗೆ ಸೀನಿ ಸೀನಿ ಸಾಕಾಗೋಯ್ತು. ಆ ಸೀನಿನ ಸದ್ದು ಕೇಳಿಯೇ ದೋಣಿಯೋರು ಬಂದ್ರು" ಎಂದ. ನಾನು ನಕ್ಕೆ. ಅವನೂ ನಕ್ಕ. ಆಯಾ ಮಾತ್ರ ನಗದೆ ಅವನ ಅಂಗಿಯ ತೋಳನ್ನು ಹಿಡಿದೇ ನಿಂತಿದ್ದಳು.

"ಮೇಡಮ್ಮೋರೆ, ಎರಡು ದಿನ ರಜ ಬೇಕಿತ್ತು. ಅರ್ಜಿ ಬರ್ಕೊಡ್ತೀರಾ?"

ಸ್ಟಾಫ್ ರೂಮಿಗೆ ಹೋಗಿ ಬರೆದೆ. ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಒಂದು ಗಳಿಗೆ ಯೋಚಿಸಿ, ಇದ್ದದ್ದನ್ನೇ ಬರೆದೆ: ಗಂಡ ಮನೆಗೆ ಬಂದಿದ್ದಾರೆ. ಹೆಡ್‌ಮಿಸ್ಟ್ರೆಸ್ ಕನ್ನಡಕ ಏರಿಸಿಕೊಂಡು ಓದಿದರು, ಕಿಟಕಿಯಿಂದ ಗೇಟಿನ ಕಡೆ ಒಮ್ಮೆ ನೋಡಿದರು, ಎರಡು ಎಂದಿದ್ದನ್ನು ಹೊಡೆದು ನಾಲ್ಕು ಎಂದು ತಿದ್ದಿ ಸಹಿ ಹಾಕಿದರು. ಆ ನಾಲ್ಕೂ ದಿನ ನಾವು ಟೀಚರುಗಳೇ ಸರದಿಯ ಮೇಲೆ ಗಂಟೆ ಹೊಡೆದೆವು. ಒಂದು ದಿನವೂ ಸರಿಯಾದ ಹೊತ್ತಿಗೆ ಹೊಡೆಯಲಾಗಲಿಲ್ಲ.